ಹಸಿರಾಗಿ ಹೊಳೆಯೋ ಗಡ್ಡೆ: ಇಲಿ ಮೆದುಳಲ್ಲಿ ಕಂಡಿದ್ದೆಷ್ಟು, ಕಾಣದೆ ಉಳಿದಿದ್ದೆಷ್ಟು

ಮೈಕ್ರೋಸ್ಕೋಪ್ ರೂಮಲ್ಲಿ ಲೈಟ್ ಆರಿಸ್ಕೊಂಡು ಕೂತ್ರೆ ಮೊದಲ ಎರಡು ನಿಮಿಷ ಏನೂ ಗೊತ್ತಾಗಲ್ಲ, ಕಣ್ಣು ಕತ್ತಲೆಗೆ ಒಗ್ಗಬೇಕು. ಆಮೇಲೆ ಐಪೀಸ್‌ಗೆ ಕಣ್ಣಿಟ್ರೆ ಸುಂಡಿಲಿ ಮೆದುಳಿನ ಒಂದು ತೆಳು ಹೋಳು, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕುಯ್ದಿದ್ದು, ಅದರ ತುಂಬ ನೀಲಿ ಚುಕ್ಕೆ, ಅವೆಲ್ಲ ಸೆಲ್‌ಗಳ ನ್ಯೂಕ್ಲಿಯಸ್. ಎಡಗಡೆ ಶಾಯಿ ಚೆಲ್ಲಿದ ಹಾಗೆ ಒಂದು ಹಸಿರು ಗುಪ್ಪೆ. ಅದು ಟ್ಯೂಮರ್. ಅದನ್ನ ನೋಡಿ ಯಾರಿಗೂ ಆಶ್ಚರ್ಯ ಆಗಲ್ಲ, ಯಾಕಂದ್ರೆ ಹಸಿರಾಗಿ ಹೊಳೆಯೋ ಹಾಗೆ ಮಾಡಿದ ಕ್ಯಾನ್ಸರ್ ಸೆಲ್‌ಗಳನ್ನ ಅಲ್ಲಿ ಇಟ್ಟಿದ್ದೇ ನಾವು. ಸ್ಟೇಜನ್ನ ನಿಧಾನಕ್ಕೆ ಸರಿಸ್ತಾ ಹೋಗಿ, ಗುಪ್ಪೆ ಮುಗಿದು, ಹಸಿರಿನ ಸುಳಿವೇ ಇಲ್ಲದ ಜಾಗ ದಾಟಿ, ಮೆದುಳಿನ ಎರಡು ಅರ್ಧಗಳನ್ನ ಜೋಡಿಸೋ ನಾರಿನ ಸೇತುವೆ ಇದೆಯಲ್ಲ, ಅದರ ಮೇಲೆ ಒಂದೇ ಒಂದು ಹಸಿರು ಸೆಲ್, ಮೈ ಉದ್ದ ಮಾಡ್ಕೊಂಡು, ಹಿಂದೊಂದು ಬಾಲ ಬಿಟ್ಕೊಂಡು ಆ ಕಡೆಗೆ ಹೊರಟಿರೋದು ಕಂಡ್ರೆ ಮಾತ್ರ ಮೈ ಜುಂ ಅನ್ನತ್ತೆ.

ನಾನು ಕೆಲವು ವರ್ಷ ಒಂದು ಲ್ಯಾಬಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಇಂಥಾ ಸ್ಲೈಡ್ ಎಣಿಸೋ ಕೆಲಸ ಮಾಡ್ದೋನು. ದೊಡ್ಡ ವಿಜ್ಞಾನಿ ಏನಲ್ಲ, ಎಣಿಸೋನು. ಆದ್ರೆ ಎಣಿಸೋರಿಗೆ ಒಂದು ವಿಷಯ ಬೇಗ ಅರ್ಥ ಆಗತ್ತೆ, ಹೊಳೆದಿದ್ದು ಎಲ್ಲ ಟ್ಯೂಮರ್ ಆಗಿರಬೇಕಿಲ್ಲ, ಹೊಳೀದೆ ಇರೋ ಜಾಗದಲ್ಲಿ ಟ್ಯೂಮರ್ ಇಲ್ಲ ಅಂತಾನೂ ಹೇಳಕ್ಕಾಗಲ್ಲ. ಈಗ ಎರಡು ಮೂರು ವರ್ಷದಿಂದ "ಮೆದುಳಿನ ಕ್ಯಾನ್ಸರ್ ಹರಡೋದನ್ನ ಲೈವ್ ಆಗಿ ನೋಡಿದ ವಿಜ್ಞಾನಿಗಳು" ಅನ್ನೋ ಥರದ ನ್ಯೂಸ್ ಪದೇ ಪದೇ ಬರ್ತಿದೆ, ಮೆದುಳಿನ ಸಂಶೋಧನೆಗೆ ಕೊಡೋ ದೊಡ್ಡ ಪ್ರಶಸ್ತಿ, 2025ರ ಬ್ರೇನ್ ಪ್ರೈಜ್ ಕೂಡ ಇದೇ ದಾರೀಲಿ ಕೆಲಸ ಮಾಡಿದ ಫ್ರಾಂಕ್ ವಿಂಕ್ಲರ್ ಮತ್ತು ಮಿಶೆಲ್ ಮೊಂಜೆ ಅನ್ನೋ ಇಬ್ಬರಿಗೆ ಬಂತು, ಹಾಗಾಗಿ ಆ ಹಸಿರು ಬೆಳಕನ್ನ ಎಷ್ಟು ನಂಬಬಹುದು, ಎಲ್ಲಿ ನಂಬಬಾರದು ಅಂತ ಸ್ವಲ್ಪ ಬಿಡಿಸಿ ಹೇಳೋಣ ಅನ್ನಿಸ್ತು.

ಮೊದಲು ಇಷ್ಟೆಲ್ಲ ಪಾಡು ಯಾಕೆ ಅಂತ. ಮೆದುಳಲ್ಲೇ ಹುಟ್ಟೋ ಗಡ್ಡೆಗಳಲ್ಲಿ ಅತಿ ಕೆಟ್ಟವುಗಳಲ್ಲಿ ಒಂದು ಗ್ಲಿಯೋಬ್ಲಾಸ್ಟೋಮ. 2005ರಲ್ಲಿ ಬಂದ ದೊಡ್ಡ ಟ್ರಯಲ್ ಪ್ರಕಾರ ಆಪರೇಶನ್ ಆದಮೇಲೆ ಬರೀ ರೇಡಿಯೇಶನ್ ಕೊಟ್ಟವರು ಮೀಡಿಯನ್ ಲೆಕ್ಕದಲ್ಲಿ (ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಮ್ಮಿ) 12.1 ತಿಂಗಳು ಬದುಕಿದ್ರು, ಜೊತೆಗೆ ಟೆಮೊಜೊಲೊಮೈಡ್ ಅನ್ನೋ ಕೀಮೋ ಮಾತ್ರೆ ಕೊಟ್ಟವರು 14.6 ತಿಂಗಳು. ಎರಡೂವರೆ ತಿಂಗಳ ಲಾಭ, ಮತ್ತೆ ಇವತ್ತಿಗೂ ಅದೇ ಟ್ರೀಟ್‌ಮೆಂಟೇ ಬುನಾದಿ. ಸರ್ಜನ್‌ಗಳ ಕೈಚಳಕ ಕಮ್ಮಿ ಅಂತಲ್ಲ. ಸ್ಕ್ಯಾನಲ್ಲಿ ಕಾಣೋ ಗಡ್ಡೇನ ಪೂರ್ತಿ ತೆಗೆದ್ರೂ ಕೆಲವು ತಿಂಗಳಾದ್ಮೇಲೆ ಅದು ತೆಗೆದ ಜಾಗದ ಅಂಚಲ್ಲೇ, ಸಾಮಾನ್ಯವಾಗಿ ಒಂದೆರಡು ಸೆಂಟಿಮೀಟರ್ ಒಳಗೇ ಮತ್ತೆ ಬೆಳೆಯತ್ತೆ. ಗಡ್ಡೆ ಬಿಟ್ಟು ಮೊದಲೇ ಹೊರಟುಹೋಗಿದ್ದ ಸೆಲ್‌ಗಳ ಕೆಲಸ ಇದು. ಹೊಲದಲ್ಲಿ ಗರಿಕೆ ಕಿತ್ತೋರಿಗೆ ಇದನ್ನ ಜಾಸ್ತಿ ವಿವರಿಸ್ಬೇಕಾಗಿಲ್ಲ.

ಇದು ಹೊಸ ಜ್ಞಾನ ಏನಲ್ಲ. 1928ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ವಾಲ್ಟರ್ ಡ್ಯಾಂಡಿ ಅನ್ನೋ ಸರ್ಜನ್ ಬೇಸತ್ತು ಕೆಲವು ರೋಗಿಗಳ ಬಲ ಅರ್ಧ ಮೆದುಳನ್ನೇ ತೆಗೆದುಬಿಟ್ಟ, ಅಷ್ಟು ಮಾಡಿದ್ರೂ ಕಾಯಿಲೆ ವಾಪಸ್ ಬಂತು. ಅದಾದ ಹತ್ತು ವರ್ಷದಲ್ಲಿ ಹಾನ್ಸ್ ಯೋಕಿಮ್ ಶೆರರ್ ಅನ್ನೋನು ಸತ್ತ ರೋಗಿಗಳ ಮೆದುಳಿನ ಹೋಳುಗಳನ್ನ ಒಂದೊಂದಾಗಿ ನೋಡಿ, ಈ ಸೆಲ್‌ಗಳು ಎಲ್ಲಾ ಕಡೆ ಸುಮ್ಮನೆ ನುಗ್ಗಲ್ಲ, ರಕ್ತನಾಳದ ಗೋಡೆ ಹಿಡ್ಕೊಂಡು ಹೋಗ್ತವೆ, ಬಿಳಿ ನಾರುಗಳ ಗುಂಟ ಹೋಗ್ತವೆ, ನ್ಯೂರಾನ್‌ಗಳ ಸುತ್ತ ಮುತ್ಕೋತವೆ, ಮೆದುಳಿನ ಹೊರಪೊರೆ ಕೆಳಗೆ ಹರಡ್ತವೆ ಅಂತ ಬರೆದಿಟ್ಟ. (ಇದೇ ಶೆರರ್ ಮುಂದೆ ನಾಜಿಗಳು ಕೊಂದ ಮಕ್ಕಳ ಮೆದುಳುಗಳನ್ನೂ ಪರೀಕ್ಷೆ ಮಾಡಿದ್ದ ಅನ್ನೋದು ಬಹಳ ವರ್ಷ ಆದಮೇಲೆ ಹೊರಗೆ ಬಂತು, ಅವನ ಹೆಸರು ಬರೆಯುವಾಗ ಇದನ್ನ ಬಿಟ್ಟು ಬರೆಯೋಕೆ ನನಗೆ ಮನಸ್ಸಾಗಲ್ಲ.) ಅವನು ಗುರುತಿಸಿದ ದಾರಿಗಳು ಸರಿಯಾಗೇ ಇದ್ವು. ಆದ್ರೆ ಅವನು ನೋಡಿದ್ದು ನಿಂತುಹೋದ ಚಿತ್ರ. ಬಸ್ ಸ್ಟ್ಯಾಂಡಿನ ಒಂದು ಫೋಟೋ ನೋಡಿ ಯಾರು ಯಾವ ಊರಿಂದ ಬಂದ್ರು, ಯಾರು ಎಲ್ಲಿಗೆ ಹೊರಟ್ರು ಅಂತ ಹೇಳೋಕಾಗತ್ತಾ?

ಇನ್ನೊಂದು ತೊಂದರೆ ಅಂದ್ರೆ ಈ ಸೆಲ್‌ಗಳು ಮೆದುಳಿನವೇ, ಹೊರಗಿಂದ ಬಂದವಲ್ಲ. ಒಂಟಿಯಾಗಿ ಅಲೆಯೋ ಒಂದು ಟ್ಯೂಮರ್ ಸೆಲ್ಲನ್ನ ಪಕ್ಕದ ಮಾಮೂಲಿ ಗ್ಲಿಯಲ್ ಸೆಲ್ಲಿಂದ (ನ್ಯೂರಾನ್‌ಗಳಿಗೆ ಆಸರೆ ಕೊಡೋ ಸೆಲ್) ಬೇರೆ ಮಾಡಿ ತೋರಿಸು ಅಂದ್ರೆ ಪಳಗಿದ ಪೆಥಾಲಜಿಸ್ಟ್ ಕೂಡ ತಡವರಿಸ್ತಾರೆ. ಜಾತ್ರೇಲಿ ಮಗು ಕಳೆದುಹೋಗದ ಹಾಗೆ ಮೊದಲೇ ಕೆಂಪು ಟೋಪಿ ಹಾಕಿ ಕಳಿಸ್ತಾರಲ್ಲ, ಮಾರ್ಕರ್ ಅಂದ್ರೆ ಅಷ್ಟೇ. ಸೆಲ್ಲನ್ನ ಮೆದುಳಿಗೆ ಬಿಡೋಕೆ ಮುಂಚೆನೇ ಗುರುತು ಹಾಕೋದು.

ಟೋಪಿ ಸಿಕ್ಕಿದ್ದು ಲೋಳೆಮೀನಿಂದ. ಜಪಾನಿನ ಒಸಾಮು ಶಿಮೊಮುರಾ ಅಮೆರಿಕದ ಪಶ್ಚಿಮ ಕರಾವಳಿಯ ಫ್ರೈಡೇ ಹಾರ್ಬರ್‌ನಲ್ಲಿ, ಮನೆಮಂದಿ ಸಮೇತ ಬಲೆ ಹಿಡ್ಕೊಂಡು ಸಾವಿರಗಟ್ಟಲೆ ಜೆಲ್ಲಿಫಿಶ್ ಹಿಡಿದು, 1962ರಲ್ಲಿ ಅದರೊಳಗಿನ ಹೊಳೆಯೋ ಪ್ರೋಟೀನ್ ಬೇರೆ ಮಾಡಿದ. ಅದರ ಹೆಸರೇ ಗ್ರೀನ್ ಫ್ಲೋರೆಸೆಂಟ್ ಪ್ರೋಟೀನ್, ಜಿಎಫ್‌ಪಿ. 238 ಅಮೈನೋ ಆಮ್ಲದ ಸಣ್ಣ ಪ್ರೋಟೀನು, ನೀಲಿ ಬೆಳಕು ಹಾಯಿಸಿದ್ರೆ ಹಸಿರು ಬೆಳಕು ವಾಪಸ್ ಕೊಡತ್ತೆ. 1992ರಲ್ಲಿ ಡಗ್ಲಸ್ ಪ್ರ್ಯಾಶರ್ ಅದರ ಜೀನ್ ಕ್ಲೋನ್ ಮಾಡಿದ, 1994ರಲ್ಲಿ ಮಾರ್ಟಿನ್ ಚಾಲ್ಫಿ ಅದನ್ನ ಬ್ಯಾಕ್ಟೀರಿಯಾ ಮತ್ತು ಹುಳಕ್ಕೆ ಹಾಕಿ ಹೊಳೆಸಿದ, ರೋಜರ್ ಚಿಯೆನ್ ಅದನ್ನ ತಿದ್ದಿ ತೀಡಿ ಇನ್ನೂ ಪ್ರಖರ ಮಾಡಿ ಬೇರೆ ಬೇರೆ ಬಣ್ಣಗಳನ್ನೂ ತಂದ. 2008ರ ಕೆಮಿಸ್ಟ್ರಿ ನೊಬೆಲ್ ಶಿಮೊಮುರಾ, ಚಾಲ್ಫಿ, ಚಿಯೆನ್ ಮೂವರಿಗೆ. ಜೀನನ್ನ ಕೈಯಾರೆ ಎಲ್ಲರಿಗೂ ಹಂಚಿದ್ದ ಪ್ರ್ಯಾಶರ್ ಅಷ್ಟೊತ್ತಿಗೆ ಫಂಡ್ ಇಲ್ಲದೆ ವಿಜ್ಞಾನಾನೇ ಬಿಟ್ಟು ಅಲಬಾಮಾದ ಒಂದು ಕಾರ್ ಶೋರೂಮಲ್ಲಿ ಕಸ್ಟಮರ್‌ಗಳನ್ನ ಬಿಟ್ಟು ಬರೋ ವ್ಯಾನ್ ಓಡಿಸ್ತಿದ್ದ.

ಇಲ್ಲಿ ಸುಮಾರು ಜನ ಗೊಂದಲ ಮಾಡ್ಕೊಳ್ಳೋ ಒಂದು ಮಾತು. ನಮ್ಮ ಮಲೆನಾಡಿನ ಮಿಂಚುಹುಳ, ಆಗಾಗ ನಮ್ಮ ಕರಾವಳೀಲಿ ರಾತ್ರಿ ಅಲೇನ ನೀಲಿಯಾಗಿ ಹೊಳೆಸೋ ಸಣ್ಣ ಜೀವಿಗಳು, ಅವು ತಾವೇ ಬೆಳಕು ಹುಟ್ಟಿಸ್ತವೆ, ಒಳಗೆ ಕೆಮಿಕಲ್ ರಿಯಾಕ್ಷನ್ ನಡೆಯತ್ತೆ. ಫ್ಲೋರೆಸೆನ್ಸ್ ಹಾಗಲ್ಲ, ಅದು ಸಾಲದ ಬೆಳಕು, ಹೊರಗಿಂದ ಒಂದು ಬಣ್ಣ ಕೊಟ್ರೆ ಇನ್ನೊಂದು ಬಣ್ಣದಲ್ಲಿ ತೀರಿಸತ್ತೆ. ಮಿಂಚುಹುಳಕ್ಕೆ ಬೆಳಕು ಕೊಡೋ ಲೂಸಿಫರೇಸ್ ಅನ್ನೋ ಪ್ರೋಟೀನನ್ನೂ ಟ್ಯೂಮರ್ ಸೆಲ್‌ಗೆ ಹಾಕ್ತಾರೆ, ಇಡೀ ಇಲೀನ ಕ್ಯಾಮೆರಾ ಪೆಟ್ಟಿಗೇಲಿಟ್ಟು ಗಡ್ಡೆ ಬೆಳೀತಾ ಕುಗ್ತಾ ಅಂತ ನೋಡೋಕೆ ಅದು ಚೆನ್ನಾಗಿರತ್ತೆ, ಆದ್ರೆ ಒಂದೊಂದೇ ಸೆಲ್ ಎಲ್ಲಿಗೆ ಹೋಯ್ತು ಅಂತ ಅದರಲ್ಲಿ ಗೊತ್ತಾಗಲ್ಲ. ಅದಕ್ಕೆ ಜಿಎಫ್‌ಪಿ ಮತ್ತು ಮೈಕ್ರೋಸ್ಕೋಪೇ ಬೇಕು.

ಜಿಎಫ್‌ಪಿಗೆ ಮುಂಚೆ ಏನ್ ಮಾಡ್ತಿದ್ರು ಅಂದ್ರೆ, ಸೆಲ್ ಪೊರೆಗೆ ಅಂಟ್ಕೊಳ್ಳೋ ಫ್ಲೋರೆಸೆಂಟ್ ಡೈಯಲ್ಲಿ ಸೆಲ್‌ಗಳನ್ನ ಅದ್ದಿ ಇಲಿಗೆ ಚುಚ್ಚೋರು. ಇದರ ಕೊರತೆ ಮನೆಯಲ್ಲಿ ಬಟ್ಟೆಗೆ ನೀಲಿ ಹಾಕಿದ ಯಾರಿಗಾದ್ರೂ ಹೊಳೆಯತ್ತೆ. ಸೆಲ್ ಒಂದು ಎರಡಾದಾಗ ಡೈ ಅರ್ಧ ಅರ್ಧ ಹಂಚಿಹೋಗತ್ತೆ, ಮತ್ತೆ ಎರಡಾದ್ರೆ ಕಾಲು, ಹೀಗೆ ಏಳೆಂಟು ಸಲ ಆದಮೇಲೆ ಬಣ್ಣ ಇಲ್ಲವೇ ಇಲ್ಲ. ಅಂದ್ರೆ ಜೋರಾಗಿ ಬೆಳೆಯೋ ಸೆಲ್‌ಗಳೇ ಮೊದಲು ಕಣ್ಮರೆ ಆಗ್ತವೆ, ಸುಮ್ಮನೆ ಕೂತಿದ್ದು ಮಾತ್ರ ಪಳಪಳ ಅಂತ ಉಳಿಯತ್ತೆ. ಸಾಲದ್ದಕ್ಕೆ ಸತ್ತ ಸೆಲ್ಲಿನ ಡೈಯನ್ನ ಮೈಕ್ರೋಗ್ಲಿಯಾ, ಅಂದ್ರೆ ಮೆದುಳಿನ ಕಸ ಗುಡಿಸೋ ಸೆಲ್‌ಗಳು, ನುಂಗ್ಕೊಂಡು ತಾವೇ ಹೊಳೆಯೋಕೆ ಶುರು ಮಾಡ್ತವೆ, ಅವು ಓಡಾಡೋದನ್ನ ನೋಡಿ ನಾವು "ಆಹಾ ಟ್ಯೂಮರ್ ಹರಡ್ತಾ ಇದೆ" ಅಂತ ಬರ್ಕೋತೀವಿ. ಜಿಎಫ್‌ಪಿ ಜೀನ್ ಆಗಿ ಒಳಗೆ ಹೋಗೋದ್ರಿಂದ ಹಂಚಿಹೋಗೋ ಪ್ರಶ್ನೆ ಇಲ್ಲ, ತಾಯಿ ಸೆಲ್ಲಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ, ಪ್ರತಿ ತಲೆಮಾರೂ ಹೊಸದಾಗಿ ಮಾಡ್ಕೊಳ್ಳತ್ತೆ.

ಸರಿ, ಹಸಿರು ಟೋಪಿ ಹಾಕಿ ಏನು ಕಂಡ್ರು?

2006ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯವರು ಜಿಎಫ್‌ಪಿ ಇರೋ ಸಿ6 ಅನ್ನೋ ಗ್ಲಿಯೋಮ (ಗ್ಲಿಯಲ್ ಸೆಲ್ ಥರದ ಮೆದುಳು ಗಡ್ಡೆ) ಸೆಲ್‌ಗಳನ್ನ ಎಳೇ ರ್‍ಯಾಟ್‌ಗಳ ಮೆದುಳಿಗೆ ಹಾಕಿ, ಆಮೇಲೆ ಮೆದುಳಿನ ಹೋಳುಗಳನ್ನ ಜೀವಂತ ಇಟ್ಕೊಂಡು ಗಂಟೆಗಟ್ಟಲೆ ವಿಡಿಯೋ ಮಾಡಿದ್ರು. ಶೆರರ್ ಹೇಳಿದ ರಕ್ತನಾಳದ ದಾರಿ ಕಣ್ಣೆದುರೇ ಬಂತು, ಸೆಲ್‌ಗಳು ನಾಳದ ಹೊರಮೈ ಹಿಡ್ಕೊಂಡು ಹೋಗ್ತಿದ್ವು. ಆದ್ರೆ ಒಂದೇ ಸಮ ಅಲ್ಲ, ನಮ್ಮ ಸಿಟಿ ಬಸ್ ಥರ, ಸ್ವಲ್ಪ ದೂರ ಹೋಗೋದು ನಿಲ್ಲೋದು, ಮತ್ತೆ ಹೋಗೋದು. ನಾಳ ಕವಲೊಡೆಯೋ ಜಾಗಕ್ಕೆ ಬಂದಾಗ ನಿಂತು, ಅಲ್ಲೇ ಎರಡಾಗಿ, ಆಮೇಲೆ ಮುಂದಿನ ಪ್ರಯಾಣ. ಅಲ್ಲಿವರೆಗೆ ಓಡೋ ಸೆಲ್ ಬೇರೆ, ಬೆಳೆಯೋ ಸೆಲ್ ಬೇರೆ ಅನ್ನೋ ಭಾವನೆ ಗಟ್ಟಿಯಾಗಿತ್ತು, ಇಲ್ಲಿ ನೋಡಿದ್ರೆ ಅದೇ ಸೆಲ್ಲು ದಾರೀಲಿ ಕೂತು ಹೆತ್ತು ಮತ್ತೆ ನಡೀತಾ ಇದೆ. ಇದು ನಿಂತ ಚಿತ್ರದಲ್ಲಿ ಯಾವ ಕಾಲಕ್ಕೂ ಗೊತ್ತಾಗೋ ವಿಷಯ ಅಲ್ಲ.

ಮುಂದಿನ ಹೆಜ್ಜೆ ಹೋಳು ಬಿಟ್ಟು ಬದುಕಿರೋ ಇಲಿಯ ತಲೆಯೊಳಗೇ ನೋಡೋದು. ಇಲಿ ತಲೆಬುರುಡೇಲಿ ಪುಟ್ಟ ಚೂರು ತೆಗೆದು ಅಲ್ಲಿ ಗಾಜಿನ ಕಿಟಕಿ ಕೂರಿಸ್ತಾರೆ, ಅರವಳಿಕೆ ಕೊಟ್ಟು ಮೈಕ್ರೋಸ್ಕೋಪ್ ಕೆಳಗೆ ಮಲಗಿಸ್ತಾರೆ, ಬಾಲದ ರಕ್ತನಾಳಕ್ಕೆ ಕೆಂಪು ಡೈ ಬಿಡ್ತಾರೆ. ಸ್ಕ್ರೀನ್ ಮೇಲೆ ಕೆಂಪು ನಾಳಗಳು ಮರದ ಕೊಂಬೆ ಹಾಗೆ, ಮಧ್ಯದಲ್ಲಿ ಹಸಿರು ಸೆಲ್‌ಗಳು. ಆ ಕೊಂಬೆಗಳೇ ಮ್ಯಾಪು, ಮುಂದಿನ ವಾರ ಅದೇ ಇಲೀನ ತಂದಾಗ ಅದೇ ಕವಲು ಹುಡುಕಿ ಅದೇ ಸೆಲ್ ಎಷ್ಟು ದೂರ ಹೋಗಿದೆ ಅಂತ ನೋಡಬಹುದು. ಇದಕ್ಕೆ ಬಳಸೋದು ಟೂ ಫೋಟಾನ್ ಮೈಕ್ರೋಸ್ಕೋಪು, 1990ರಲ್ಲಿ ಬಂದಿದ್ದು, ಇನ್ಫ್ರಾರೆಡ್ ಲೇಸರ್ ಆದ್ರಿಂದ ಸ್ವಲ್ಪ ಆಳಕ್ಕೆ ಇಳಿಯತ್ತೆ.

ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ವಿಂಕ್ಲರ್ ತಂಡ ಹೀಗೆ ಮನುಷ್ಯರ ಗ್ಲಿಯೋಬ್ಲಾಸ್ಟೋಮ ಸೆಲ್‌ಗಳನ್ನ ಸುಂಡಿಲಿಗಳಲ್ಲಿ ಒಂದು ವರ್ಷದವರೆಗೂ ಹಿಂಬಾಲಿಸಿ 2015ರಲ್ಲಿ ಬರೆದ ಪೇಪರ್ ಈ ಕ್ಷೇತ್ರದ ದಿಕ್ಕೇ ಬದಲಾಯಿಸ್ತು. ಎಷ್ಟೋ ಸೆಲ್‌ಗಳಿಂದ ತೆಳ್ಳಗೆ ಉದ್ದಕ್ಕೆ ಎಳೆಗಳು ಹೊರಡ್ತಿದ್ವು, ಕೆಲವು ಅರ್ಧ ಮಿಲಿಮೀಟರ್‌ಗಿಂತ ಉದ್ದ, ಸೆಲ್ ಗಾತ್ರಕ್ಕೆ ಹೋಲಿಸಿದ್ರೆ ಅದು ಮೈಲಿಗಟ್ಟಲೆ. ಟ್ಯೂಮರ್ ಮೈಕ್ರೋಟ್ಯೂಬ್ ಅಂತ ಹೆಸರಿಟ್ರು. ಇವುಗಳ ಮೂಲಕ ಸೆಲ್‌ಗಳು ಒಂದಕ್ಕೊಂದು ಹೆಣ್ಕೊಂಡು ನೆಟ್‌ವರ್ಕ್ ಆಗಿದ್ವು, ಕ್ಯಾಲ್ಸಿಯಂ ಸಿಗ್ನಲ್ ಒಂದರಿಂದ ಒಂದಕ್ಕೆ ಅಲೆ ಅಲೆಯಾಗಿ ಹೋಗ್ತಿತ್ತು. ಲೇಸರ್‌ನಿಂದ ಒಂದು ಸೆಲ್ಲನ್ನ ಸುಟ್ರೆ ಪಕ್ಕದಿಂದ ಹೊಸ ನ್ಯೂಕ್ಲಿಯಸ್ ಆ ಕೊಳವೇಲಿ ತೆವಳ್ಕೊಂಡು ಬಂದು ಜಾಗ ತುಂಬ್ತಿತ್ತು. ರೇಡಿಯೇಶನ್ ಕೊಟ್ಟಾಗ ಹೆಣ್ಕೊಂಡಿದ್ದವು ಉಳಿದ್ವು, ಒಂಟಿಗಳು ಜಾಸ್ತಿ ಸತ್ವು. ಇಷ್ಟು ದಿನ ಈ ಎಳೆಗಳು ಯಾಕೆ ಕಂಡಿರಲಿಲ್ಲ? ಸೆಲ್ಲಿನ ತುದಿವರೆಗೂ ಬಣ್ಣ ತುಂಬಿರಬೇಕು, ಮೂರು ಆಯಾಮದಲ್ಲಿ ನೋಡ್ಬೇಕು. ತೆಳು ಹೋಳಲ್ಲಿ ಕುಯ್ದಾಗ ಎಳೆಯೂ ತುಂಡಾಗಿ ಬರೀ ಚುಕ್ಕೆ ಆಗಿಹೋಗತ್ತೆ, ನಾವು ಅದನ್ನ ಕಸ ಅಂತ ಬಿಟ್ಟುಬಿಡ್ತೀವಿ. ನಾನೂ ಎಷ್ಟು ಬಿಟ್ಟಿದೀನೋ ದೇವರಿಗೇ ಗೊತ್ತು.

2019ರಲ್ಲಿ ಇನ್ನೊಂದು ಬಾಂಬು. ಹೈಡೆಲ್‌ಬರ್ಗ್‌ನವರು ಮತ್ತು ಸ್ಟ್ಯಾನ್‌ಫರ್ಡ್‌ನ ಮೊಂಜೆ ತಂಡ, ಎರಡೂ ಒಟ್ಟೊಟ್ಟಿಗೆ, ನ್ಯೂರಾನ್‌ಗಳು ಟ್ಯೂಮರ್ ಸೆಲ್ ಜೊತೆ ನಿಜವಾದ ಸೈನಾಪ್ಸ್, ಅಂದ್ರೆ ನ್ಯೂರಾನ್ ಸಿಗ್ನಲ್ ದಾಟಿಸೋ ಕೂಡು, ಮಾಡ್ಕೋತವೆ ಅಂತ ತೋರಿಸಿದ್ರು. ಅಂದ್ರೆ ನಾವು ಯೋಚನೆ ಮಾಡಿದಾಗ ಹರಿಯೋ ಅದೇ ವಿದ್ಯುತ್ತು ಗಡ್ಡೆಗೂ ಲೈನ್ ಎಳ್ಕೊಂಡಿದೆ, ಮೀಟರ್ ಇಲ್ಲದ ಕಳ್ಳ ಕನೆಕ್ಷನ್. ನನಗೆ ಇವೆಲ್ಲಕ್ಕಿಂತ ಇಷ್ಟ ಆಗಿದ್ದು 2022ರ ಕೆಲಸ, ಯಾಕಂದ್ರೆ ಅದರ ಉಪಾಯ ಬಲು ಸರಳ. ಟ್ಯೂಮರ್ ಸೆಲ್ ಎಲ್ಲಾ ಹಸಿರು. ಅದರ ಮೇಲೆ ಸಲ್ಫೋರೋಡಮಿನ್ 101 ಅನ್ನೋ ಕೆಂಪು ಡೈ ಬಿಟ್ರು. ಈ ಡೈ ಹೆಣ್ಕೊಂಡಿರೋ ಸೆಲ್‌ಗಳಲ್ಲಿ ಒಂದರಿಂದ ಒಂದಕ್ಕೆ ಸೋರ್ಕೊಂಡು ಹೋಗತ್ತೆ, ಒಂಟಿ ಸೆಲ್ಲಿಗೆ ಹೋಗಲ್ಲ. ಹಾಗಾಗಿ ಹಸಿರು ಕೆಂಪು ಎರಡೂ ಇದ್ರೆ ಸಂಸಾರಸ್ಥ, ಬರೀ ಹಸಿರಿದ್ರೆ ಅಲೆಮಾರಿ. ಮೆದುಳಲ್ಲಿ ದೂರ ದೂರ ನುಗ್ತಾ ಇದ್ದಿದ್ದು ಮುಖ್ಯವಾಗಿ ಈ ಅಲೆಮಾರಿಗಳೇ, ಮತ್ತೆ ಅವು ನಡೆಯೋ ರೀತಿ ಗರ್ಭದಲ್ಲಿ ಮೆದುಳು ಕಟ್ಟೋವಾಗ ಎಳೇ ನ್ಯೂರಾನ್‌ಗಳು ಜಾಗ ಹುಡ್ಕೊಂಡು ಹೋಗೋ ರೀತೀನೇ. ಸುತ್ತಲಿನ ನ್ಯೂರಾನ್ ಚಟುವಟಿಕೆ ಜಾಸ್ತಿ ಆದಷ್ಟೂ ಇವುಗಳ ಓಟ ಜಾಸ್ತಿ.

ಇಲ್ಲಿವರೆಗೆ ಹೊಗಳಿದ್ದಾಯ್ತು. ಇನ್ನು ಹಸಿರು ಬೆಳಕು ಸುಳ್ಳು ಹೇಳೋ ಕಡೆ.

ಜಿಎಫ್‌ಪಿ ಹೊಳೆಯೋ ಸ್ಥಿತಿಗೆ ಬರೋಕೆ ಆಮ್ಲಜನಕ ಬೇಕು. ಗ್ಲಿಯೋಬ್ಲಾಸ್ಟೋಮದ ಒಳತಿರುಳಲ್ಲಿ ಆಮ್ಲಜನಕದ್ದೇ ಬರ. ಸೋ ಅಲ್ಲಿ ಮಂಕಾಗಿದ್ರೆ ಸೆಲ್ ಕಮ್ಮಿ ಇದೆ ಅಂತ ಅರ್ಥ ಮಾಡ್ಕೊಂಡ್ರೆ ಕೆಟ್ವಿ. ಎರಡನೇದು, ವೈರಸ್ ಮೂಲಕ ಜೀನ್ ಹಾಕಿದ ಸೆಲ್‌ಗಳು ಕೆಲವು ವಾರ ತಿಂಗಳಾದ್ಮೇಲೆ ಆ ಜೀನನ್ನ ಮುಚ್ಚಿಬಿಡೋದುಂಟು, ಸೆಲ್ ಬದುಕೇ ಇರತ್ತೆ, ಟೋಪಿ ಕಿತ್ತು ಜೇಬಿಗೆ ಹಾಕ್ಕೊಂಡಿರತ್ತೆ. ಮೂರನೇದು ಸ್ವಲ್ಪ ಸೂಕ್ಷ್ಮ. ಜಿಎಫ್‌ಪಿ ಇಲಿಯ ಮೈಗೆ ಪರಕೀಯ ಪ್ರೋಟೀನು, ಲೋಳೆಮೀನಿಂದ ಬಂದಿದ್ದಲ್ವಾ, ಇಮ್ಯೂನಿಟಿ ಸರಿಯಾಗಿರೋ ಇಲೀಲಿ ಹಾಕಿದ್ರೆ ಅದರ ಮೇಲೆ ದಾಳಿ ಆಗಬಹುದು, ಗಡ್ಡೆ ಕುಗ್ಗಿದ್ದು ನಮ್ಮ ಔಷಧಿಯಿಂದಾನೋ ಜಿಎಫ್‌ಪಿ ಮೇಲಿನ ಸಿಟ್ಟಿನಿಂದಾನೋ ಅಂತ ಗೊತ್ತಾಗಲ್ಲ. ಇದಕ್ಕೆ ಉಪಾಯ ಅಂತ ಹುಟ್ಟಿನಿಂದಾನೇ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥೀಲಿ ಜಿಎಫ್‌ಪಿ ಮತ್ತು ಲೂಸಿಫರೇಸ್ ಇರೋ ಇಲಿ ತಳೀನೇ ಮಾಡಿದಾರೆ, ಅದರ ಮೈಗೆ ಇದು ನಮ್ಮನೇದೇ ಅಂತ ಅಭ್ಯಾಸ ಆಗಿರತ್ತೆ. ಹೆಸರು "ಗ್ಲೋಯಿಂಗ್ ಹೆಡ್" ಇಲಿ. ಅಥವಾ ಇಮ್ಯೂನಿಟಿನೇ ಇಲ್ಲದ ಇಲಿ ಬಳಸ್ತಾರೆ, ಮನುಷ್ಯರ ಸೆಲ್ ಹಾಕೋಕೆ ಅದೇ ಬೇಕು, ಆದ್ರೆ ಆಗ ಇಮ್ಯೂನಿಟಿಯ ಪಾತ್ರಾನೇ ನಾಟಕದಿಂದ ಹೊರಗೆ.

ಸೂಜಿ ದಾರಿ ಇನ್ನೊಂದು. ಎರಡು ಮೂರು ಮೈಕ್ರೋಲೀಟರ್ ದ್ರವದಲ್ಲಿ ಸಾವಿರಾರು ಸೆಲ್ ಇರತ್ತೆ, ನಿಧಾನಕ್ಕೆ ಒತ್ತಿ, ಸೂಜೀನ ಅಲ್ಲೇ ಕೆಲವು ನಿಮಿಷ ಬಿಟ್ಟು, ಆಮೇಲೆ ಮೆತ್ತಗೆ ಮೇಲೆ ಎಳೀಬೇಕು. ಅವಸರ ಮಾಡಿದ್ರೆ ಸೆಲ್‌ಗಳು ಸೂಜಿ ಹಿಂದೆ ಮೇಲಕ್ಕೆ ಉಕ್ಕಿ ಬರ್ತವೆ, ಹೋಳು ನೋಡಿದಾಗ ಗಡ್ಡೆಯಿಂದ ಮೇಲ್ಮೈವರೆಗೆ ಹಸಿರು ಗೆರೆ, ಅದನ್ನ ಇನ್ವೇಶನ್, ಅಂದ್ರೆ ಗಡ್ಡೆ ತಾನೇ ನುಗ್ಗಿದ್ದು, ಅಂತ ಅಳೆದ್ರೆ ನಗೆಪಾಟಲು.

ನನ್ನದೇ ನಗೆಪಾಟಲು ಬೇರೆ. ಒಂದ್ಸಲ ಎರಡು ದಿನ ಕೂತು ಗಡ್ಡೆಯಿಂದ ಬಹು ದೂರದ ಹಸಿರು ಚುಕ್ಕೆಗಳನ್ನ ಎಣಿಸಿ, ನಲವತ್ತೋ ಐವತ್ತೋ, ಖುಷಿಯಾಗಿ ಶೀಟ್ ತುಂಬಿ ಕೊಟ್ಟೆ. ಸೀನಿಯರ್ ಒಬ್ರು ಬಂದು ಏನೂ ಹೇಳದೆ ಫಿಲ್ಟರ್ ಬದಲಾಯಿಸಿದ್ರು. ಹಸಿರು ಫಿಲ್ಟರಲ್ಲಿ ಹೊಳೆದಿದ್ದು ಕೆಂಪು ಫಿಲ್ಟರಲ್ಲೂ ಅಷ್ಟೇ ಜೋರಾಗಿ ಹೊಳೀತು. ಜಿಎಫ್‌ಪಿ ಆಗಿದ್ರೆ ಕೆಂಪಲ್ಲಿ ಕಾಣಬಾರದು. ಅದು ಲಿಪೋಫಸ್ಕಿನ್, ವಯಸ್ಸಾದ ನ್ಯೂರಾನ್ ಒಳಗೆ ಕೂಡ್ಕೊಳ್ಳೋ ಜಿಡ್ಡು, ತಾನಾಗೇ ಎಲ್ಲಾ ಬಣ್ಣದಲ್ಲೂ ಹೊಳೆಯತ್ತೆ. ಇಲಿಗೆ ವಯಸ್ಸಾಗಿತ್ತು ಅಷ್ಟೇ, ನಾನು ಎರಡು ದಿನ ಎಣಿಸಿದ್ದು ಅದರ ಮುಪ್ಪನ್ನ.

ಮತ್ತೆ ಯಾವ ಸೆಲ್ ಹಾಕಿದ್ದೀವಿ ಅನ್ನೋದು. ದಶಕಗಳ ಕಾಲ ಜಗತ್ತಿನ ತುಂಬ ಬಳಸಿದ್ದು ಯು87 ಅನ್ನೋ ಸೆಲ್ ಲೈನು, ಅಂದ್ರೆ ಲ್ಯಾಬಲ್ಲಿ ತಲೆಮಾರುಗಟ್ಟಲೆ ಬೆಳೆಸ್ಕೊಂಡು ಬಂದ ಸೆಲ್‌ಗಳು, ಸ್ವೀಡನ್ನಿನ ಉಪ್ಸಲಾದ ಒಬ್ಬ ರೋಗಿಯಿಂದ 60ರ ದಶಕದಲ್ಲಿ ತೆಗೆದಿದ್ದು. ಇದು ಇಲಿ ಮೆದುಳಲ್ಲಿ ನುಣ್ಣಗೆ ಗೋಲಿ ಥರ ಬೆಳೆಯತ್ತೆ, ಹರಡೋದು ಕಮ್ಮಿ. ಹರಡದೇ ಇರೋ ಗಡ್ಡೇಲಿ ಹರಡೋದನ್ನ ತಡೆಯೋ ಔಷಧಿ ಟೆಸ್ಟ್ ಮಾಡಿದ ಪೇಪರ್‌ಗಳು ಎಷ್ಟಿವೆಯೋ. 2016ರಲ್ಲಂತೂ ಉಪ್ಸಲಾದವರೇ, ಈಗ ಎಲ್ಲರ ಕೈಲಿರೋ ಯು87 ಮೂಲ ರೋಗಿಯ ಗಡ್ಡೆಗೆ ಮ್ಯಾಚ್ ಆಗ್ತಿಲ್ಲ ಅಂತ ತೋರಿಸಿದ್ರು. ಮೆದುಳಿನ ಗಡ್ಡೆನೇ ಇರಬೇಕು, ಆದ್ರೆ ಯಾರದ್ದು ಅಂತ ಗೊತ್ತಿಲ್ಲ. ಹಾಗಾಗಿ ಯಾವುದಾದ್ರೂ ಸುದ್ದೀಲಿ "ಹೊಳೆಯೋ ಟ್ಯೂಮರ್ ಸೆಲ್ ಹರಡೋದು ನಿಂತಿತು" ಅಂತ ಬಂದ್ರೆ ನಾನು ಮೊದಲು ಹುಡುಕೋದು ಸೆಲ್ ಲೈನಿನ ಹೆಸರು.

ಆಳದ ಮಿತಿ ಬೇರೆ ಇದೆ. ಟೂ ಫೋಟಾನ್ ಚೆನ್ನಾಗಿ ಕಾಣೋದು ಅರ್ಧದಿಂದ ಮುಕ್ಕಾಲು ಮಿಲಿಮೀಟರ್, ಜಾಸ್ತಿ ಅಂದ್ರೆ ಇನ್ನೊಂದು ಸ್ವಲ್ಪ. ಸುಂಡಿಲಿಯ ಕಾರ್ಟೆಕ್ಸ್, ಅಂದ್ರೆ ಮೆದುಳಿನ ಹೊರಪದರ, ಅದರ ದಪ್ಪವೇ ಸುಮಾರು ಒಂದು ಮಿಲಿಮೀಟರ್, ಅದರ ಕೆಳಗೆ ಬಿಳಿ ನಾರಿನ ಹೆದ್ದಾರಿ. ಅಂದ್ರೆ ಇಷ್ಟು ವರ್ಷ ನಾವು ಲೈವ್ ನೋಡಿದ್ದೆಲ್ಲ ಊರೊಳಗಿನ ರಸ್ತೆ, ಹೈವೇನ ನೋಡೇ ಇರಲಿಲ್ಲ. ಈಗ ಥ್ರೀ ಫೋಟಾನ್ ಬಂದು ಹೈಡೆಲ್‌ಬರ್ಗ್‌ನವರು ಆ ನಾರಿನ ಸೇತುವೆವರೆಗೂ ಇಳಿದಿದಾರೆ. ಇನ್ನೊಂದು ದಾರಿ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್‌ನವರದ್ದು, ಲೈವ್ ಆಸೆ ಬಿಟ್ಟು, ಸತ್ತ ಇಲಿಯ ತಲೇನ ಗಟ್ಟಿಯಾಗಿ ಫ್ರೀಜ್ ಮಾಡಿ, ಒಂದು ಪದರ ಹೆರೆಯೋದು, ಕೆಳಗಿನ ಮೈಯ ಫೋಟೋ ತೆಗೆಯೋದು, ಮತ್ತೆ ಹೆರೆಯೋದು, ಹೀಗೆ ಪೂರ್ತಿ ಮೆದುಳಿನ ಹಸಿರು ನಕ್ಷೆ ಜೋಡಿಸೋದು. ಚಲನೆ ಇಲ್ಲ, ಆದ್ರೆ ಮೂಲೆ ಮೂಲೆ ಬಿಟ್ಟಿಲ್ಲ. ಎರಡರಲ್ಲಿ ಯಾವುದು ಮೇಲು ಅಂತ ಕೇಳಿದ್ರೆ ನಾನು ಹೇಳಲ್ಲ, ಎರಡೂ ಬೇಕು.

ಈಗ ಒಂದು ಸೂಕ್ಷ್ಮ ವಿಷಯ. ನೆದರ್‌ಲ್ಯಾಂಡ್ಸ್‌ನ ಒಂದು ತಂಡ 2017ರಲ್ಲಿ, ಫ್ಲೋರೆಸೆಂಟ್ ಟ್ಯೂಮರ್ ಇರೋ ಇಲಿಗಳಲ್ಲಿ ಬಯಾಪ್ಸಿ ಥರ ಸೂಜಿ ಗಾಯ ಮಾಡಿ ನೋಡಿದಾಗ ಸೆಲ್‌ಗಳ ಓಡಾಟಾನೂ ಬೆಳವಣಿಗೆನೂ ಜಾಸ್ತಿ ಆಯ್ತು, ಡೆಕ್ಸಾಮೆಥಸೋನ್ ಅನ್ನೋ ಸ್ಟೆರಾಯ್ಡ್ ಕೊಟ್ಟಾಗ ಆ ಎಫೆಕ್ಟ್ ತಗ್ಗಿತು ಅಂತ ಬರೆದ್ರು. ನಮ್ಮಲ್ಲಿ "ಕತ್ತಿ ತಾಗಿಸಿದ್ರೆ ಗಡ್ಡೆ ಹರಡತ್ತೆ" ಅನ್ನೋ ಭಯ ಮೊದಲೇ ಇದೆ, ವಾಟ್ಸಾಪ್‌ಗೆ ಇಷ್ಟು ಸಿಕ್ರೆ ಮುಗೀತು. ದಯವಿಟ್ಟು ಪೂರ್ತಿ ಓದಿ. ಅದು ಇಲಿ, ಗಾಯದಿಂದ ಆದ ಉರಿಯೂತ ಅಲ್ಲಿನ ಸೆಲ್‌ಗಳನ್ನ ಕೆರಳಿಸ್ತು, ಅದಕ್ಕೆ ಮದ್ದೂ ಅದೇ ಪೇಪರಲ್ಲಿದೆ, ಆ ಸ್ಟೆರಾಯ್ಡ್ ಮೆದುಳು ಗಡ್ಡೆಯ ರೋಗಿಗಳಿಗೆ ಊತ ಇಳಿಸೋಕೆ ಹೇಗಿದ್ರೂ ಬಳಕೇಲಿದೆ. ಬಯಾಪ್ಸಿ ಇಲ್ಲದೆ ಅದು ಯಾವ ಗಡ್ಡೆ ಅಂತಾನೇ ಗೊತ್ತಾಗಲ್ಲ, ಗೊತ್ತಾಗದೆ ಟ್ರೀಟ್‌ಮೆಂಟ್ ಇಲ್ಲ.

ಸುಮಾರು ಜನ ಕೇಳೋದು, ಹಂಗಾದ್ರೆ ಮನುಷ್ಯರಿಗೇ ಈ ಹಸಿರು ಹಾಕಿ ಸರ್ಜರಿ ಮಾಡಬಾರದಾ ಅಂತ. ಜಿಎಫ್‌ಪಿ ಆಗಲ್ಲ, ಅದರ ಜೀನ್ ಗಡ್ಡೆಗೆ ಮುಂಚೆನೇ ಸೆಲ್ಲಲ್ಲಿ ಇರಬೇಕು. ರೋಗಿಗಳಿಗೆ ಇರೋದು ಬೇರೆ ಉಪಾಯ, 5-ಎಎಲ್‌ಎ. ಆಪರೇಶನ್‌ಗೆ ಕೆಲವು ಗಂಟೆ ಮುಂಚೆ ಕುಡಿಸ್ತಾರೆ, ಟ್ಯೂಮರ್ ಸೆಲ್‌ಗಳಲ್ಲಿ ಅದು ಪ್ರೋಟೋಪಾರ್ಫಿರಿನ್ ಅನ್ನೋ ಹೊಳೆಯೋ ವಸ್ತು ಆಗಿ ಕೂಡ್ಕೊಳ್ಳತ್ತೆ, ನೀಲಿ ಬೆಳಕಲ್ಲಿ ಗುಲಾಬಿ ಕೆಂಪಾಗಿ ಕಾಣತ್ತೆ. 2006ರ ಜರ್ಮನ್ ಟ್ರಯಲ್‌ನಲ್ಲಿ ಸ್ಕ್ಯಾನಲ್ಲಿ ಕಾಣೋ ಗಡ್ಡೆ ಪೂರ್ತಿ ತೆಗೆಯೋಕೆ ಆಗಿದ್ದು ಇದರಿಂದ 65%ಗೆ, ಮಾಮೂಲಿ ಬೆಳಕಲ್ಲಿ 36%ಗೆ. ದೊಡ್ಡ ವ್ಯತ್ಯಾಸಾನೇ. ಕುಡಿದಮೇಲೆ ಒಂದೆರಡು ದಿನ ರೋಗಿ ಜೋರು ಬೆಳಕಿಗೆ ಬರಬಾರದು, ಚರ್ಮ ಸುಡತ್ತೆ. ಆದ್ರೆ ಒಂಟಿ ಅಲೆಮಾರಿ ಸೆಲ್ ಇದರಲ್ಲೂ ಸಿಗಲ್ಲ, ಒಂದಷ್ಟು ಸೆಲ್ ಒತ್ತಾಗಿದ್ರೆ ಮಾತ್ರ ಕೆಂಪು ಕಣ್ಣಿಗೆ ಬೀಳತ್ತೆ. ಇದಲ್ಲದೆ ಚೇಳಿನ ವಿಷದ ಕ್ಲೋರೋಟಾಕ್ಸಿನ್‌ಗೆ ಡೈ ಅಂಟಿಸಿ ಸಿಯಾಟಲ್‌ನಲ್ಲಿ ಮಾಡಿದ "ಟ್ಯೂಮರ್ ಪೇಂಟ್" ಇದೆ, ಅದನ್ನ ಇಲಿ ಆದಮೇಲೆ ತಾವಾಗೇ ಕ್ಯಾನ್ಸರ್ ಬಂದ ಸಾಕುನಾಯಿಗಳಲ್ಲೂ ನೋಡಿದ್ರು. ನಾಯಿಯ ವಿಷಯ ನನಗೆ ಮುಖ್ಯ ಅನ್ಸತ್ತೆ, ಬಾಕ್ಸರ್, ಬುಲ್‌ಡಾಗ್ ಥರ ಮೂತಿ ಚಪ್ಪಟೆ ಇರೋ ತಳಿಗಳಿಗೆ ಗ್ಲಿಯೋಮ ತಾನಾಗೇ ಬರತ್ತೆ, ಯಾರೂ ಚುಚ್ಚಿರಲ್ಲ, ಇಮ್ಯೂನಿಟಿ ಇರತ್ತೆ, ಮೆದುಳೂ ದೊಡ್ಡದು.

ಗಾತ್ರ ಅಂದಾಗ ಬೆಂಗಳೂರಿನ ನಿಮ್ಹಾನ್ಸ್ ಬ್ರೇನ್ ಮ್ಯೂಸಿಯಂ ನೆನಪಾಗತ್ತೆ, ಅಲ್ಲಿ ಮನುಷ್ಯರ ಮೆದುಳನ್ನ ಗ್ಲೌಸ್ ಹಾಕಿ ಕೈಲಿ ಹಿಡಿಯೋಕೆ ಕೊಡ್ತಾರೆ. ಸುಮಾರು 1.3 ಕೆಜಿ, ಹಿಡಿದ್ರೆ ಕೈ ಜಗ್ಗತ್ತೆ. ಸುಂಡಿಲೀದು ಅರ್ಧ ಗ್ರಾಮೂ ಇಲ್ಲ, ದಪ್ಪ ಅವರೆಕಾಳಷ್ಟು. ಅದರಲ್ಲಿ ಬಿಳಿ ನಾರಿನ ಪಾಲು ಹೆಚ್ಚು ಕಮ್ಮಿ 10%, ನಮ್ಮಲ್ಲಿ ಸುಮಾರು ಅರ್ಧ. ಗಡ್ಡೆ ಸೆಲ್‌ಗಳ ಮುಖ್ಯ ಹೆದ್ದಾರೀನೇ ಇಲೀಲಿ ಅಷ್ಟು ಕಮ್ಮಿ ಇದ್ದಮೇಲೆ, ಅಲ್ಲಿ ರಕ್ತನಾಳದ ದಾರಿ ಜಾಸ್ತಿ ಕಾಣೋದು ಕಾಯಿಲೆಯ ಗುಣಾನೋ ಊರಿನ ರಸ್ತೆ ಇರೋದೇ ಹಾಗೇನೋ ಅಂತ ಯೋಚಿಸ್ಬೇಕು.

ಪ್ರಾಣಿಗಳೇ ಯಾಕೆ ಬೇಕು ಅನ್ನೋ ಪ್ರಶ್ನೆಗೆ ಈಗ ಕಾನೂನಿನ ಬಲಾನೂ ಬಂದಿದೆ. ಅಮೆರಿಕ 2022ರ ಕೊನೇಲಿ ಔಷಧಿಗೆ ಪ್ರಾಣಿ ಪ್ರಯೋಗ ಕಡ್ಡಾಯ ಅನ್ನೋದನ್ನ ತೆಗೀತು, ಭಾರತವೂ 2023ರಲ್ಲಿ ನಿಯಮ ತಿದ್ದಿ ಆರ್ಗನಾಯ್ಡ್ (ತಟ್ಟೇಲಿ ಬೆಳೆಸಿದ ಪುಟ್ಟ ಅಂಗ), ಸೆಲ್ ಬೆಳೆಸೋ ಚಿಪ್ ಥರದ ದಾರಿಗಳಿಗೆ ಒಪ್ಪಿಗೆ ಕೊಡ್ತು. ಒಳ್ಳೇದೇ, ಮತ್ತೆ ಯು87 ಗೋಲಿ ಥರದ ಪ್ರಯೋಗಕ್ಕೆ ಇನ್ನೊಂದು ಇಲಿ ಸಾಯೋ ಅಗತ್ಯ ನನಗಂತೂ ಕಾಣಲ್ಲ. ಆದ್ರೆ ರಕ್ತ ಹರಿಯೋ ನಾಳ, ನಿಜವಾಗಿ ಕೆಲಸ ಮಾಡೋ ನ್ಯೂರಾನು, ತಿಂಗಳುಗಟ್ಟಲೆ ಕಾಲ, ಇವು ಮೂರೂ ಒಟ್ಟಿಗೆ ಬೇಕಿದ್ದ ಮೈಕ್ರೋಟ್ಯೂಬ್ ಪ್ರಯೋಗಾನ ತಟ್ಟೇಲಿ ಮಾಡೋಕೆ ಆಗ್ತಿರಲಿಲ್ಲ. ಬೇಡದ ಪ್ರಯೋಗ ನಿಲ್ಲಿಸಿ ಬೇಕಾದ್ದಕ್ಕೆ ಕಮ್ಮಿ ಇಲಿ ಬಳಸಿ ಅನ್ನೋದು ನನ್ನ ಪಕ್ಷ. ಒಂದೇ ಇಲೀನ ಗಾಜಿನ ಕಿಟಕೀಲಿ ತಿಂಗಳುಗಟ್ಟಲೆ ನೋಡೋದ್ರಿಂದ, ವಾರಕ್ಕೊಂದು ಇಲಿ ಕೊಂದು ಹೋಳು ಮಾಡೋದು ಉಳಿಯತ್ತೆ ಅನ್ನೋದೂ ಲೆಕ್ಕಕ್ಕೆ ಬರಬೇಕು.

ಇಷ್ಟೆಲ್ಲ ಆಗಿ ರೋಗಿಗೆ ಏನು ಬಂತು? ಸದ್ಯಕ್ಕೆ ಒಂದು ಮಾತ್ರೆ ಪರೀಕ್ಷೇಲಿದೆ. ಪೆರಂಪನೆಲ್, ಮೂರ್ಛೆರೋಗಕ್ಕೆ ಈಗಾಗ್ಲೇ ಕೊಡೋ ಔಷಧಿ, ನ್ಯೂರಾನಿಂದ ಟ್ಯೂಮರ್‌ಗೆ ಹೋಗೋ ಆ ಕಳ್ಳ ಕನೆಕ್ಷನ್ನಿನ ಎಎಂಪಿಎ ಅನ್ನೋ ಸಾಕೆಟನ್ನೇ ಮುಚ್ಚತ್ತೆ. ಹಸಿರು ಸೆಲ್ ಹಾಕಿದ ಇಲಿಗಳಲ್ಲಿ ಇದನ್ನ ಕೊಟ್ಟಾಗ ಗಡ್ಡೆಯ ಬೆಳವಣಿಗೆ ತಗ್ಗಿದ್ದನ್ನ ನೋಡೇ ಜರ್ಮನಿಯಲ್ಲಿ ಪರ್‌ಸರ್ಜ್ ಅನ್ನೋ ಟ್ರಯಲ್ ಶುರು ಆಗಿದ್ದು, ಗ್ಲಿಯೋಬ್ಲಾಸ್ಟೋಮ ಮರುಕಳಿಸಿದವರಿಗೆ ಆಪರೇಶನ್ನಿನ ಮುಂಚೆ ಮತ್ತೆ ಆಮೇಲೆ ಮಾತ್ರೆ ಕೊಡ್ತಾರೆ. ಆ ರೋಗಿಗಳ ತಲೇಲಿ ಗಾಜಿನ ಕಿಟಕಿ ಇಲ್ಲ, ಟೋಪಿ ಹಾಕಿದ ಸೆಲ್ ಇಲ್ಲ. ಗಡ್ಡೆ ಬೆಳೀತಾ ಇದೆಯಾ ಇಲ್ವಾ ಅಂತ ನೋಡೋಕೆ ಅವರಿಗಿರೋದು ಎಮ್‌ಆರ್‌ಐ, ಅದರ ಕಪ್ಪು ಬಿಳುಪು ಚಿತ್ರದಲ್ಲಿ ಸೇತುವೆ ದಾಟ್ತಿರೋ ಆ ಒಂದು ಸೆಲ್ ಇವತ್ತಿಗೂ ಕಾಣಲ್ಲ.